ಹೇಜಲ್ ಗಿಡದ ಸಾವಯವ ಬೇಸಾಯ ಮತ್ತು ತಳಿ ಸಂವರ್ಧನೆ

ಸಾವಯವ ಬೇಸಾಯವೆಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುದು ನಿಷೇಧಗಳ ಒಂದು ಪಟ್ಟಿ: ರಾಸಾಯನಿಕ ಗೊಬ್ಬರ ಕೂಡದು, ಕೃತಕ ಕೀಟನಾಶಕ ಕೂಡದು, ಕಳೆನಾಶಕ ಕೂಡದು. ಪಟ್ಟಿಯೇನೋ ಸರಿಯಾದುದೇ. ಆದರೆ ಹೊರಗಿನಿಂದ ಕೊಡುವ ಮದ್ದನ್ನೆಲ್ಲ ಹೀಗೆ ತೆಗೆದುಹಾಕಿದ ಮೇಲೆ ಗಿಡವು ರೋಗದಿಂದ ತನ್ನನ್ನು ತಾನು ಕಾಯ್ದುಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರ ದೊರೆಯುವುದಿಲ್ಲ. ಉತ್ತರವಿರುವುದು ಗಿಡದ ಒಳಗೆ, ಎಂದರೆ ತಳಿಯಲ್ಲಿ. ರಾಗಿ, ಜೋಳಗಳಲ್ಲಿ ಒಂದು ವರ್ಷ ಆರಿಸಿದ ತಳಿ ಕೆಟ್ಟದಾದರೆ ಮರುವರ್ಷ ಬೇರೆ ಬೀಜವನ್ನು ಬಿತ್ತಬಹುದು. ನಾಲ್ವತ್ತು ಐವತ್ತು ವರ್ಷ ನಿಲ್ಲಬೇಕಾದ ಮರದ ಬೆಳೆಯಲ್ಲಿ ಅಂತಹ ಅನುಕೂಲವಿಲ್ಲ. ತಳಿಯ ಆಯ್ಕೆಯಲ್ಲಿ ಆದ ತಪ್ಪು ಒಂದು ತಲೆಮಾರಿನ ತಪ್ಪಾಗುತ್ತದೆ. ಈ ವಿಚಾರವನ್ನು ಹೇಜಲ್ ಗಿಡದ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ.

ಹೇಜಲ್ ಕಾಯಿ ನಮ್ಮ ನಾಡಿನವರಿಗೆ ಚಾಕೊಲೇಟಿನೊಳಗಣ ಬೀಜವಾಗಿ ಮಾತ್ರ ಪರಿಚಿತವಾದುದು. ಗಿಡವು ಬರ್ಚ್ ಮರದ ಕುಟುಂಬಕ್ಕೆ ಸೇರಿದೆ. ತೋಟಗಳಲ್ಲಿ ಬೆಳೆಯುವುದು ಬಹುಮಟ್ಟಿಗೆ ಯೂರೋಪಿನ ಪ್ರಭೇದವಾದ ಕೋರಿಲಸ್ ಅವೆಲಾನ. ಜಗತ್ತಿನ ಇಳುವರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತುರ್ಕಿ ದೇಶದ ಕಪ್ಪುಸಮುದ್ರದ ದಂಡೆಯಿಂದ, ಗಿರೆಸುನ್, ಓರ್ದು ಮೊದಲಾದ ಪ್ರಾಂತಗಳಿಂದ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಬೆಳೆ ಹೆಚ್ಚುಕಡಿಮೆ ಪೂರ್ತಿಯಾಗಿ ಆರೆಗಾನ್ ರಾಜ್ಯದ ವಿಲಾಮೆಟ್ ಕಣಿವೆಯದು. ಭಾರತದಲ್ಲಿ ಇದರ ಸೋದರ ಪ್ರಭೇದವೊಂದು ಹಿಮಾಲಯದಲ್ಲಿ ಕಾಡುಮರವಾಗಿ ಬೆಳೆಯುತ್ತದೆ. ಹಿಮಾಚಲ ಪ್ರದೇಶದ ಪಾಂಗಿ ಕಣಿವೆಯ ಜನ ಅದರ ಕಾಯನ್ನು ಠಾಂಗಿ ಎಂದು ಕರೆದು ಆಯ್ದು ತಿನ್ನುತ್ತಾರೆ. ಚಳಿಗಾಲದ ದೀರ್ಘ ಶೀತವಿಲ್ಲದೆ ಹೇಜಲ್ ಗಿಡದ ಮೊಗ್ಗು ಒಡೆಯದು. ಆದುದರಿಂದ ಕರ್ನಾಟಕದಲ್ಲಿ ಇದನ್ನು ಬೆಳೆಯುವ ಮಾತಿಲ್ಲ. ಹಾಗಿದ್ದರೂ ಇದರ ಕಥೆಯಲ್ಲಿ ನಮ್ಮ ಮಲೆನಾಡಿನ ಕಾಫಿಯ ಕಥೆಯೊಡನೆ ತಾಳೆಯಾಗುವ ಅಂಶವೊಂದುಂಟು. ಅದನ್ನು ಮುಂದೆ ಹೇಳುತ್ತೇವೆ.

ತಳಿ ಸಂವರ್ಧನೆಯ ಕಷ್ಟವನ್ನು ತಿಳಿಯಬೇಕಾದರೆ ಮೊದಲು ಹೂವಿನ ವಿಚಾರವನ್ನು ತಿಳಿಯಬೇಕು. ಹೇಜಲ್ ಗಿಡದಲ್ಲಿ ಗಂಡು ಹೂ ಹೆಣ್ಣು ಹೂಗಳು ಒಂದೇ ಗಿಡದ ಮೇಲೆ ಬೇರೆಬೇರೆಯಾಗಿರುತ್ತವೆ. ಗಂಡು ಹೂಗಳು ಜೋತಾಡುವ ಉದ್ದನೆಯ ಗೊಂಚಲುಗಳಲ್ಲಿ ಇರುವುವು. ಹೆಣ್ಣು ಹೂವೆಂದರೆ ಒಂದು ಸಾಮಾನ್ಯ ಮೊಗ್ಗಿನ ತುದಿಯಿಂದ ಹೊರಚಾಚಿದ ಕೆಂಪು ಎಳೆಗಳ ಕುಚ್ಚು. ಆ ಎಳೆಗಳೇ ಶಲಾಕಾಗ್ರಗಳು. ಹುಡುಕಿ ನೋಡದವನಿಗೆ ಅದು ಕಾಣಿಸುವುದೇ ಇಲ್ಲ. ಇವು ಅರಳುವುದು ನಡುಚಳಿಗಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಮರದಲ್ಲಿ ಒಂದೆಲೆಯೂ ಇಲ್ಲದಿರುವಾಗ. ಜೇನುಹುಳು ಹೊರಬರದ ಆ ಕಾಲದಲ್ಲಿ ಪರಾಗವನ್ನು ಒಯ್ಯುವುದು ಗಾಳಿಯೇ. ಶಲಾಕಾಗ್ರದ ಮೇಲೆ ಬಿದ್ದ ಪರಾಗ ಮೊಳೆತು, ಅದರ ನಾಳವು ಕೆಲವೇ ದಿನಗಳಲ್ಲಿ ಶಲಾಕೆಯ ಬುಡವನ್ನು ಮುಟ್ಟುತ್ತದೆ. ಅಲ್ಲಿಗೆ ಹೋಗಿ ನಿಲ್ಲುತ್ತದೆ! ಏಕೆಂದರೆ ಆ ಹೊತ್ತಿಗೆ ಅಂಡಾಶಯವೇ ಇನ್ನೂ ರೂಪುಗೊಂಡಿರುವುದಿಲ್ಲ. ನಾಲ್ಕೈದು ತಿಂಗಳು ಹೀಗೆ ಕಾದ ಬಳಿಕ ಮೇ ಕಡೆಯಲ್ಲಿ ಅಥವಾ ಜೂನಿನಲ್ಲಿ ಗರ್ಭಾಧಾನವಾಗಿ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಕಾಯಿ ಬಲಿತು ನೆಲಕ್ಕೆ ಉದುರುತ್ತದೆ. ಪರಾಗಸ್ಪರ್ಶವೂ ಗರ್ಭಾಧಾನವೂ ಒಂದೇ ಅಲ್ಲವೆಂದು ತರಗತಿಯಲ್ಲಿ ಎಷ್ಟು ಬಾರಿ ಹೇಳಿದರೂ ಮರೆಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಒಂದು ಹೇಜಲ್ ಗಿಡದ ಪರಾಗ ಅದೇ ಗಿಡದ ಹೂವಿನಲ್ಲಿ ಫಲಿಸುವುದಿಲ್ಲ. ಈ ಸ್ವ-ಅಸಾಮರಸ್ಯವು ಒಂದೇ ಜೀನ್‌ಸ್ಥಾನದ ಅಧೀನವಾಗಿದ್ದು, ಆ ಸ್ಥಾನದಲ್ಲಿ ಬರಬಹುದಾದ ಪರ್ಯಾಯ ರೂಪಗಳು ಮೂವತ್ತಕ್ಕೂ ಮಿಕ್ಕಿವೆಯೆಂದು ಗುರುತಿಸಲಾಗಿದೆ. ಪ್ರತಿ ಗಿಡವೂ ಇವುಗಳಲ್ಲಿ ಎರಡನ್ನು ಹೊತ್ತಿರುತ್ತದೆ. ಶಲಾಕಾಗ್ರದಲ್ಲಿ ಎರಡೂ ತಮ್ಮ ಇರವನ್ನು ತೋರುತ್ತವೆ. ಪರಾಗದಲ್ಲಿ ಮಾತ್ರ ಒಂದು ಇನ್ನೊಂದನ್ನು ಮರೆಮಾಡುವುದುಂಟು. ಪರಾಗದಲ್ಲಿ ವ್ಯಕ್ತವಾದ ರೂಪವು ಶಲಾಕಾಗ್ರದಲ್ಲಿಯೂ ಇದ್ದರೆ ಮಿಲನವು ನಿಷ್ಫಲ. ಇದನ್ನು ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು: ಹೊಂದುವ ಪರಾಗದ ನಾಳಗಳು ಒಂದು ಕಟ್ಟು ದಾರದಂತೆ ಉದ್ದಕ್ಕೆ ಸಾಗುತ್ತವೆ, ಹೊಂದದ ಪರಾಗದ ನಾಳ ಗಿಡ್ಡವಾಗಿ, ತುದಿಯಲ್ಲಿ ಗುಂಡಾಗಿ ನಿಂತುಬಿಡುತ್ತದೆ. ಇದರ ಪರಿಣಾಮವಾಗಿ ತೋಟಗಾರನು ಮುಖ್ಯ ತಳಿಯ ನಡುನಡುವೆ ಪರಾಗ ಕೊಡುವ ಬೇರೆ ತಳಿಯ ಮರಗಳನ್ನು ನೆಡಲೇಬೇಕು. ತಳಿಗಾರನಾದರೋ ತನಗೆ ಬೇಕಾದ ಎರಡು ಗಿಡಗಳನ್ನು ಕೂಡಿಸುವ ಮೊದಲು ಅವು ಕೂಡುವುವೇ ಎಂದು ಪರೀಕ್ಷಿಸಬೇಕು. ಕೂಡಿಸಿದ ಬೀಜದಿಂದ ಎದ್ದ ಸಸಿ ಮೊದಲ ಕಾಯಿ ಬಿಡಲು ಮೂರರಿಂದ ಐದು ವರ್ಷ. ಆಯ್ದುದನ್ನು ನೆಟ್ಟು, ಹಲವು ಫಸಲು ತೂಗಿನೋಡಿ, ತಳಿಯೆಂದು ಹೊರತರಲು ಒಟ್ಟು ಹದಿನಾರು ಹದಿನೇಳು ವರ್ಷ ಹಿಡಿಯುತ್ತದೆ.

ಇನ್ನು ರೋಗದ ವಿಚಾರ. ಅಮೆರಿಕ ಖಂಡದ ಪೂರ್ವಭಾಗದ ಕಾಡುಗಳಲ್ಲಿ ಅಲ್ಲಿಯದೇ ಆದ ಒಂದು ಹೇಜಲ್ ಪ್ರಭೇದ, ಕೋರಿಲಸ್ ಅಮೆರಿಕಾನ, ಪೊದೆಯಾಗಿ ಬೆಳೆಯುತ್ತದೆ. ಅದರ ಮೇಲೆ ಅನಿಸೊಗ್ರಾಮ ಅನೊಮಲ ಎಂಬ ಶಿಲೀಂಧ್ರವೊಂದು ಅನಾದಿಯಿಂದ ಬಾಳಿಕೊಂಡು ಬಂದಿದೆ. ತವರಿನ ಪೊದೆಗೆ ಅದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ. ಆದರೆ ಯೂರೋಪಿನಿಂದ ತಂದು ನೆಟ್ಟ ಹೇಜಲ್ ಮರ ಈ ಶಿಲೀಂಧ್ರವನ್ನು ಎಂದೂ ಕಂಡುದಲ್ಲ. ಅದನ್ನು ತಡೆಯುವ ಬಲ ಅದಕ್ಕಿರಲಿಲ್ಲ. ಪೂರ್ವದ ರಾಜ್ಯಗಳಲ್ಲಿ ಯೂರೋಪಿನ ಹೇಜಲನ್ನು ಬೆಳೆಯುವ ಪ್ರಯತ್ನಗಳು ಒಂದಾದಮೇಲೊಂದರಂತೆ ಸೋತುದಕ್ಕೆ ಇದೇ ಮುಖ್ಯ ಕಾರಣ. ಬೆಳೆಗಾರರು ಹೇಜಲ್ ಕಾಯನ್ನು ಫಿಲ್ಬರ್ಟ್ ಎಂದೂ ಕರೆಯುತ್ತಿದ್ದುದರಿಂದ ರೋಗಕ್ಕೆ ಪೂರ್ವದ ಫಿಲ್ಬರ್ಟ್ ಅಂಗಮಾರಿ ಎಂಬ ಹೆಸರು ಬಂದಿತು. ಆರೆಗಾನ್ ಪಶ್ಚಿಮದ ಕೊನೆಯಲ್ಲಿ, ರಾಕಿ ಪರ್ವತಗಳ ಆಚೆಗೆ ಇದ್ದುದರಿಂದ ಬಹುಕಾಲ ಸುರಕ್ಷಿತವಾಗಿತ್ತು. ಅಲ್ಲಿಯ ತೋಟಗಳು ಬಾರ್ಸಿಲೋನ ಎಂಬ ಒಂದೇ ಮುಖ್ಯ ತಳಿಯನ್ನು ನಂಬಿ ಬೆಳೆದುವು. ಪರಾಗಕ್ಕಾಗಿ ಡೇವಿಯಾನ ಎಂಬ ತಳಿ. 1960ರ ದಶಕದ ಕೊನೆಗೆ ನೆರೆಯ ವಾಷಿಂಗ್ಟನ್ ರಾಜ್ಯದ ನೈರುತ್ಯ ಮೂಲೆಯಲ್ಲಿ ರೋಗ ಕಾಣಿಸಿಕೊಂಡಿತು. 1986ರಲ್ಲಿ ವಿಲಾಮೆಟ್ ಕಣಿವೆಯನ್ನು ಹೊಕ್ಕಿತು. ಡೇವಿಯಾನ ಅತ್ಯಂತ ಬೇಗ ರೋಗಕ್ಕೆ ತುತ್ತಾಗುವ ತಳಿಯಾದ ಕಾರಣ, ಪರಾಗ ಹಂಚಲೆಂದು ತೋಟದ ತುಂಬ ನೆಟ್ಟ ಮರಗಳೇ ರೋಗದ ಬೀಜಕಗಳನ್ನೂ ಹಂಚುವಂತಾಯಿತು.

ಈ ಶಿಲೀಂಧ್ರ ಜೀವಂತ ಹೇಜಲ್ ಗಿಡದ ಹೊರತು ಬೇರೆಲ್ಲಿಯೂ ಬಾಳದು. ವಸಂತದಲ್ಲಿ ಮೊಗ್ಗೊಡೆದು ಎಳೆಚಿಗುರು ಬರುವ ಹೊತ್ತಿಗೆ, ಮಳೆಯಲ್ಲಿ ತೊಯ್ದ ಕೊಂಬೆಯಿಂದ ಇದರ ಬೀಜಕಗಳು ಹೊರಟು ಚಿಗುರಿನೊಳಕ್ಕೆ ಇಳಿಯುತ್ತವೆ. ಆಮೇಲೆ ಒಂದು ವರ್ಷಕ್ಕೂ ಮೀರಿದ ಕಾಲ ಹೊರಗೆ ಯಾವ ಗುರುತೂ ಇಲ್ಲ. ಕಡೆಗೆ ಕೊಂಬೆಯ ತೊಗಟೆ ತಗ್ಗಾಗಿ, ಆ ತಗ್ಗಿನಲ್ಲಿ ಕಪ್ಪು ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ವ್ರಣವು ವರ್ಷವರ್ಷಕ್ಕೂ ಉದ್ದವಾಗಿ ಕೊಂಬೆಯನ್ನು ಸುತ್ತುವರಿದು ಕೊಲ್ಲುತ್ತದೆ. ನಾಟಿ ಮಾಡಿದ ತಳಿ ದುರ್ಬಲವಾಗಿದ್ದರೆ ಐದರಿಂದ ಹದಿನೈದು ವರ್ಷಗಳಲ್ಲಿ ಮರವೇ ಹೋಗುತ್ತದೆ. ಗುರುತು ಕಾಣುವ ಮೊದಲೇ ರೋಗ ಒಳಸೇರಿರುವುದರಿಂದ, ಕಂಡಮೇಲೆ ಕೊಂಬೆ ಕಡಿದವನು ಯಾವಾಗಲೂ ಒಂದು ವರ್ಷ ಹಿಂದುಳಿದಿರುತ್ತಾನೆ.

ಸಾಮಾನ್ಯ ಬೇಸಾಯಗಾರನಿಗೆ ಈ ಸ್ಥಿತಿಯಲ್ಲಿ ಒಂದು ದಾರಿಯಿದೆ: ಮೊಗ್ಗೊಡೆಯುವಾಗಿನಿಂದ ಸುಮಾರು ಎರಡು ವಾರಕ್ಕೊಮ್ಮೆಯಂತೆ ಕೃತಕ ಶಿಲೀಂಧ್ರನಾಶಕವನ್ನು ಹಲವು ಸಲ ಸಿಂಪಡಿಸುವುದು. ಸಾವಯವ ಬೇಸಾಯಗಾರನಿಗೆ ಈ ದಾರಿ ಮುಚ್ಚಿದೆ. ಅಮೆರಿಕದ ಸಾವಯವ ನಿಯಮಗಳು, ಇವು 2002ರಲ್ಲಿ ಪೂರ್ಣವಾಗಿ ಜಾರಿಗೆ ಬಂದವು, ಅವನಿಗೆ ಉಳಿಸಿರುವ ಮುಖ್ಯ ಮದ್ದು ತಾಮ್ರದ ಲವಣಗಳು. ಅದೂ ಮಣ್ಣಿನಲ್ಲಿ ತಾಮ್ರ ಕೂಡಿಕೊಳ್ಳದಂತೆ ಎಚ್ಚರವಹಿಸಬೇಕೆಂಬ ಷರತ್ತಿನ ಮೇಲೆ. ಮಲೆನಾಡಿನ ವಾಚಕರಿಗೆ ಈ ಮದ್ದು ಹೊಸದಲ್ಲ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವುದು ನಮ್ಮಲ್ಲಿ ಬಹುಕಾಲದ ರೂಢಿ. ಮಳೆಗೆ ತೊಳೆದುಹೋಗುವ ಈ ದ್ರಾವಣವನ್ನು ಮಳೆಯ ನಡುವೆಯೇ ಹೊಡೆಯಬೇಕಾದ ಸಂಕಟವೂ ಅವರಿಗೆ ಗೊತ್ತು. ಆರೆಗಾನಿನ ವಸಂತ ಮಳೆಗಾಲವೇ. ಅಂತೂ ತಾಮ್ರವೊಂದನ್ನೇ ನಂಬಿ ಬಾರ್ಸಿಲೋನದಂತಹ ದುರ್ಬಲ ತಳಿಯನ್ನು ಸಾವಯವವಾಗಿ ನಲವತ್ತು ವರ್ಷ ಉಳಿಸಿಕೊಳ್ಳುವುದು ಕಾಗದದ ಮೇಲೆ ಸಾಧ್ಯ, ತೋಟದಲ್ಲಿ ಅಲ್ಲವೆಂಬುದು ನಮ್ಮ ಅಭಿಪ್ರಾಯ.

ಬೇಸಾಯದ ಉಳಿದ ತೊಡಕುಗಳನ್ನು ಇಲ್ಲಿ ಚಿಕ್ಕದಾಗಿ ಹೇಳಿಬಿಡುತ್ತೇವೆ. ಹೇಜಲ್ ಸ್ವಭಾವತಃ ಪೊದೆ. ಬಾಳೆಯ ಕಂದುಗಳಂತೆ ಬುಡದಿಂದ ಎಡೆಬಿಡದೆ ಚಿಗುರು ಏಳುತ್ತದೆ. ತುರ್ಕಿಯ ರೈತರು ಈ ಸ್ವಭಾವವನ್ನು ಒಪ್ಪಿಕೊಂಡು, ಒಂದು ಕುಣಿಯ ಸುತ್ತ ಹಲವು ಗಿಡಗಳನ್ನು ನೆಟ್ಟು ಪೊದೆಯಾಗಿಯೇ ಬೆಳೆಸುತ್ತಾರೆ. ಮುದಿಯಾದ ಕಾಂಡವನ್ನು ಕಡಿದು ಹೊಸ ಚಿಗುರಿಗೆ ಎಡೆಕೊಡುತ್ತಾರೆ. ಇದಕ್ಕೆ ಅವರ ಭಾಷೆಯಲ್ಲಿ ಓಜಾಕ್, ಎಂದರೆ ಒಲೆ, ಎಂದು ಹೆಸರು. ಆರೆಗಾನಿನಲ್ಲಿ ಒಂಟಿ ಕಾಂಡದ ಮರವೇ ಬೇಕು, ಏಕೆಂದರೆ ಉದುರಿದ ಕಾಯನ್ನು ಯಂತ್ರ ಗುಡಿಸಿಕೊಳ್ಳಬೇಕು. ಅದಕ್ಕಾಗಿ ಬುಡದ ಚಿಗುರನ್ನು ವರ್ಷಕ್ಕೆ ಮೂರು ನಾಲ್ಕು ಸಲ ಕಳೆನಾಶಕದಿಂದ ಸುಡುತ್ತಾರೆ. ಸಾವಯವ ತೋಟದಲ್ಲಿ ಆ ಕೆಲಸ ಕೈಯಿಂದಲೋ ಬೆಂಕಿಯ ಜ್ವಾಲೆಯಿಂದಲೋ ಆಗಬೇಕು, ಕೂಲಿಯ ಖರ್ಚು ಏರುತ್ತದೆ. ತುರ್ಕಿಯ ಮರಹೇಜಲಿನ ಬೇರುಗಿಡಕ್ಕೆ ಕಸಿ ಕಟ್ಟಿದರೆ ಚಿಗುರಿನ ಕಾಟ ತಪ್ಪುತ್ತದಾದರೂ ಸಸಿಯ ಬೆಲೆ ಹೆಚ್ಚು. ಮಣ್ಣಿಗೆ ತಗಲುವ ಬೆಳೆಗೆ ಹಸಿಗೊಬ್ಬರ ಹಾಕುವುದನ್ನು ಕೊಯ್ಲಿಗೆ 120 ದಿನ ಮೊದಲೇ ನಿಲ್ಲಿಸಬೇಕೆಂಬ ನಿಯಮವೂ ಇದೆ. ಕೀಟಗಳ ವಿಷಯದಲ್ಲಿ ಸುದ್ದಿ ಅಷ್ಟು ಕೆಟ್ಟದಲ್ಲ. ಹೇಜಲಿನ ಗಿಡಹೇನನ್ನು ಹತೋಟಿಗೆ ತರಲು 1980ರ ದಶಕದಲ್ಲಿ ಯೂರೋಪಿನಿಂದ ತಂದು ಬಿಟ್ಟ ಸಣ್ಣ ಪರಾವಲಂಬಿ ಕಣಜವೊಂದು ಆರೆಗಾನಿನಲ್ಲಿ ನೆಲೆಯೂರಿ, ವಿಷ ಸಿಂಪಡಿಸುವ ಅಗತ್ಯವನ್ನು ಬಹಳಷ್ಟು ತಗ್ಗಿಸಿತು. ಕಾಯಿಕೊರಕ ಹುಳು ಮಾತ್ರ ಇಂದಿಗೂ ತಲೆನೋವೇ.

ಮರಳಿ ಅಂಗಮಾರಿಗೆ ಬರೋಣ. 1975ರಲ್ಲಿ ಆರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯದ ವಿಜ್ಞಾನಿ ಕ್ಯಾಮರನ್ ಎಂಬವರು ವಾಷಿಂಗ್ಟನ್ನಿನ ಒಂದು ತೋಟದಲ್ಲಿ, ರೋಗದಿಂದ ಜೀರ್ಣವಾದ ಮರಗಳ ನಡುವೆ ಒಂದು ವ್ರಣವೂ ಇಲ್ಲದೆ ನಿಂತಿದ್ದ ಮರಗಳನ್ನು ಕಂಡರು. ಅವು ಗ್ಯಾಸವೇ ಎಂಬ ಹಳೆಯ, ಯಾರೂ ಲೆಕ್ಕಕ್ಕಿಡದ ತಳಿಯವು. ಕಾಯಿ ಚಿಕ್ಕದು, ಇಳುವರಿ ಕಡಮೆ. ಪರಾಗಕ್ಕೆಂದು ಮಾತ್ರ ನೆಟ್ಟಿದ್ದರು. ಇದನ್ನು ಬೇರೆ ತಳಿಗಳೊಡನೆ ಕೂಡಿಸಿದಾಗ ಸಂತತಿಯಲ್ಲಿ ಅರ್ಧದಷ್ಟು ಸಸಿಗಳು ರೋಗಮುಕ್ತವಾಗಿದ್ದುವು, ಉಳಿದರ್ಧ ರೋಗಕ್ಕೆ ಬಲಿಯಾದುವು. ಮೆಂಡಲನ ನಿಯಮವನ್ನು ಓದಿದವರಿಗೆ ಇದರ ಅರ್ಥ ಸ್ಪಷ್ಟ: ನಿರೋಧಕ ಶಕ್ತಿಯು ಒಂದೇ ಪ್ರಬಲ ಜೀನಿನ ಕೆಲಸ, ಗ್ಯಾಸವೇ ಅದರ ಒಂದು ಪ್ರತಿಯನ್ನು ಹೊತ್ತಿದೆ. 1986ರಿಂದ ಈ ಸಂವರ್ಧನೆಯ ಹೊಣೆ ಹೊತ್ತ ಮೆಹ್ಲೆನ್‌ಬಾಕರ್ ಅವರು ಒಳ್ಳೆಯ ಕಾಯಿಯ ತಳಿಗಳೊಡನೆ ಮತ್ತೆ ಮತ್ತೆ ಕೂಡಿಸುತ್ತ, ಗ್ಯಾಸವೇಯ ದುರ್ಗುಣಗಳನ್ನು ಕಳೆದು ಆ ಒಂದು ಜೀನನ್ನು ಉಳಿಸಿಕೊಂಡರು. 2005ರಲ್ಲಿ ಸಾಂಟಿಯಮ್, 2008ರಲ್ಲಿ ಯಾಮ್‌ಹಿಲ್, 2009ರಲ್ಲಿ ಜೆಫರ್ಸನ್ ತಳಿಗಳು ಹೊರಬಂದುವು. ಅಂಗಾಂಶ ಕೃಷಿಯಿಂದ ಸಸಿಗಳನ್ನು ಲಕ್ಷಗಟ್ಟಲೆ ಎಬ್ಬಿಸುವುದೂ ಅದೇ ಕಾಲಕ್ಕೆ ಸಾಧ್ಯವಾಯಿತು. ಸುಮಾರು 30 ಸಾವಿರ ಎಕರೆಗಳಲ್ಲಿದ್ದ ಆರೆಗಾನಿನ ತೋಟಗಳು ಹತ್ತು ಹನ್ನೆರಡು ವರ್ಷಗಳಲ್ಲಿ ಸುಮಾರು 80 ಸಾವಿರ ಎಕರೆಗೆ ಬೆಳೆದುವು. ಸಾವಯವ ಬೇಸಾಯಗಾರನಿಗೂ ಮೊದಲ ಬಾರಿಗೆ ಸಿಂಪಡಣೆಯಿಲ್ಲದೆ ನಿಲ್ಲುವ ಮರ ದೊರೆಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಹೊಸ ತೋಟಗಳ ಬಹುಪಾಲು ನಿಂತಿರುವುದು ಒಂದೇ ಜೀನಿನ ಮೇಲೆ. ಕಾಫಿಯ ಮಾತನ್ನು ಈಗ ಹೇಳಬೇಕು. ಎಲೆತುಕ್ಕು ರೋಗಕ್ಕೆ ಬಗ್ಗದ ಗಿಡವೆಂದು ಮೈಸೂರು ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಕೆಂಟ್ ಎಂಬ ಪ್ಲಾಂಟರು ಆರಿಸಿದ ತಳಿ ಬೇಗನೆ ಹಬ್ಬಿತು. ಕೆಲವು ವರ್ಷಗಳಲ್ಲಿಯೇ ಅದಕ್ಕೂ ತುಕ್ಕು ಹತ್ತಿತು. ಏಕೆ ಹತ್ತಿತೆಂಬುದನ್ನು 1930ರ ದಶಕದ ಮೊದಲಿಗೆ ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರದಲ್ಲಿ ಮೇನ್ ಎಂಬವರು ತೋರಿಸಿಕೊಟ್ಟರು: ಶಿಲೀಂಧ್ರವು ಒಂದೇ ರೂಪದ್ದಲ್ಲ, ಅದರಲ್ಲಿ ಹಲವು ಒಳತಳಿಗಳಿವೆ, ಗಿಡ ಒಂದನ್ನು ತಡೆದರೆ ಇನ್ನೊಂದು ಆ ಎಡೆಯಲ್ಲಿ ತಲೆಯೆತ್ತುತ್ತದೆ. ಆಮೇಲೆ ಅಲ್ಲಿಯೇ ಲೈಬೀರಿಯ ಕಾಫಿಯ ಅಂಶವುಳ್ಳ ಸಂಕರದಿಂದ ರೂಪುಗೊಂಡು 1940ರ ದಶಕದಲ್ಲಿ ಹೊರಬಂದ ಎಸ್. 795 ತಳಿ ದೀರ್ಘಕಾಲ ಬಾಳಿತು; ಅದರ ನಿರೋಧವೂ ಕ್ರಮೇಣ ಸಡಿಲವಾಯಿತು. ಕೆಂಟ್ ಕಾಫಿಗೆ ಆದುದು ಗ್ಯಾಸವೇ ಜೀನಿಗೆ ಆಗದೆಂದು ನಂಬಲು ಯಾವ ಆಧಾರವೂ ಇರಲಿಲ್ಲ.

ಆಗಿಯೂ ಹೋಯಿತು. ಗ್ಯಾಸವೇ ಜೀನುಳ್ಳ ಮರಗಳನ್ನು ಶಿಲೀಂಧ್ರದ ತವರಾದ ಪೂರ್ವದ ನ್ಯೂಜರ್ಸಿ ರಾಜ್ಯದಲ್ಲಿ ನೆಟ್ಟು ನೋಡಿದಾಗ ಹಲವಕ್ಕೆ ವ್ರಣಗಳೆದ್ದುವು. ಅಲ್ಲಿಯ ಶಿಲೀಂಧ್ರಕ್ಕೆ ವೈವಿಧ್ಯ ಹೆಚ್ಚು. ಆರೆಗಾನಿಗೆ ಬಂದುದು ಆ ವೈವಿಧ್ಯದ ಒಂದು ಸಣ್ಣ ತುಣುಕು ಮಾತ್ರ. ಆದುದರಿಂದಲೇ ಅಲ್ಲಿ ಒಂದು ಜೀನ್ ಸಾಕಾಗಿತ್ತು. 2020ರ ದಶಕದಲ್ಲಿ ವಿಲಾಮೆಟ್ ಕಣಿವೆಯಲ್ಲಿಯೂ ಗ್ಯಾಸವೇ ಜೀನುಳ್ಳ ಮರಗಳ ಮೇಲೆ ರೋಗ ಕಾಣಿಸಿಕೊಂಡಿದೆ. ರಾಸಾಯನಿಕ ಬೇಸಾಯಗಾರನು ಹಿಂದಿನಂತೆ ಸಿಂಪಡಣೆಗೆ ಮರಳಬಹುದು. ಸಾವಯವ ಬೇಸಾಯಗಾರನಿಗೆ ಮರಳಲು ಜಾಗವಿಲ್ಲ. ಅವನ ಪಾಲಿಗೆ ಇದು ಪ್ರಮಾಣಪತ್ರವನ್ನೋ ತೋಟವನ್ನೋ ಬಿಟ್ಟುಕೊಡಬೇಕಾದ ಪ್ರಶ್ನೆ.

ತಳಿಗಾರರು ಈ ಅಪಾಯವನ್ನು ಮೊದಲೇ ಅರಿಯದಿದ್ದವರಲ್ಲ. ನಿರೋಧಕ ಶಕ್ತಿಯ ಬೇರೆ ಮೂಲಗಳಿಗಾಗಿ ಅವರು ಹೇಜಲಿನ ಹಳೆಯ ನಾಡುಗಳನ್ನು ಸುತ್ತಿದರು. ಸ್ಪೇನಿನ ರಾಟೊಲಿ ತಳಿಯಲ್ಲಿ, ಜಾರ್ಜಿಯ ದೇಶದ ಒಂದು ಸಸಿಯಲ್ಲಿ, ಸರ್ಬಿಯದ, ರಷ್ಯದ, ಕ್ರಿಮಿಯದ ಮಾರುಕಟ್ಟೆ ಹಾಗೂ ತೋಟಗಳಿಂದ ತಂದ ಕಾಯಿಗಳ ಸಂತತಿಯಲ್ಲಿ ಅದು ದೊರೆಯಿತು. ಇವುಗಳಲ್ಲಿ ರಾಟೊಲಿಯ ಜೀನೂ ಜಾರ್ಜಿಯದ ಜೀನೂ ಗ್ಯಾಸವೇಯದಕ್ಕಿಂತ ಬೇರೆ ವರ್ಣತಂತುಗಳಲ್ಲಿವೆ. ಆದಕಾರಣ ಎರಡು ಮೂರು ಜೀನುಗಳನ್ನು ಒಂದೇ ಗಿಡದಲ್ಲಿ ಕೂಡಿಸುವುದು ಸಾಧ್ಯ. ಎರಡನ್ನೂ ಒಮ್ಮೆಗೇ ಮುರಿಯಬಲ್ಲ ಶಿಲೀಂಧ್ರ ಹುಟ್ಟುವುದು ಒಂದನ್ನು ಮುರಿಯಬಲ್ಲದಕ್ಕಿಂತ ಬಹಳ ವಿರಳ. ಆದರೆ ರೋಗಕ್ಕೆ ಒಡ್ಡಿದರೆ ಒಂದು ಜೀನುಳ್ಳ ಸಸಿಯೂ ಎರಡುಳ್ಳ ಸಸಿಯೂ ಒಂದೇ ತೆರನಾಗಿ ಆರೋಗ್ಯವಾಗಿ ಕಾಣುವುದರಿಂದ, ಯಾವುದು ಎಷ್ಟು ಜೀನುಗಳನ್ನು ಹೊತ್ತಿದೆಯೆಂದು ಕಣ್ಣಿನಿಂದ ಹೇಳಲಾಗದು. ಇಲ್ಲಿ ಡಿಎನ್‌ಎ ಗುರುತುಗಳು ನೆರವಾಗುತ್ತವೆ: ಎಳೆಯ ಸಸಿಯ ಒಂದೆಲೆಯಿಂದ ಉತ್ತರ ಸಿಗುತ್ತದೆ, ಎರಡು ವರ್ಷ ವ್ರಣಕ್ಕಾಗಿ ಕಾಯಬೇಕಾಗಿಲ್ಲ. ಇದು ಆಯ್ಕೆಗೆ ನೆರವಾಗುವ ಗುರುತೇ ಹೊರತು ಜೀನನ್ನು ಹೊರಗಿನಿಂದ ಸೇರಿಸುವ ಕ್ರಿಯೆಯಲ್ಲ. ಹೀಗಾಗಿ ಇದರಿಂದ ಬಂದ ತಳಿಗೆ ಸಾವಯವ ನಿಯಮದ ಅಡ್ಡಿಯಿಲ್ಲ. ಈ ಎರಡನ್ನೂ ಕಲಸಿ ಮಾತನಾಡುವವರು ನಮ್ಮ ಸಹೋದ್ಯೋಗಿಗಳಲ್ಲಿಯೂ ಇದ್ದಾರೆ.

ಇನ್ನೊಂದು ಬಗೆಯ ನಿರೋಧವಿದೆ. ಅದು ರೋಗವನ್ನು ಪೂರ್ತಿ ತಡೆಯದು; ವ್ರಣಗಳು ಕೆಲವೇ ಏಳುತ್ತವೆ, ಚಿಕ್ಕವಾಗಿ ಉಳಿಯುತ್ತವೆ. ಹಲವು ಜೀನುಗಳ ಸಣ್ಣ ಸಣ್ಣ ನೆರವು ಕೂಡಿ ಆದುದು ಇದು. ಗ್ಯಾಸವೇ ತಳಿಗಳು ಬರುವ ಮೊದಲು, 1997ರಲ್ಲಿ ಹೊರಬಂದ ಲೂಯಿಸ್ ತಳಿಯಲ್ಲಿ ಇಂತಹ ಮಿತವಾದ ನಿರೋಧವಿತ್ತು. ಪೂರ್ಣ ನಿರೋಧದ ತಳಿಗಳು ಬಂದಮೇಲೆ ಬೆಳೆಗಾರರು ಇದನ್ನು ಬದಿಗಿಟ್ಟರು. ಅದು ಸಹಜವೇ ಆದರೂ ದೀರ್ಘಾಯುವಾದ ಮರಕ್ಕೆ ಈ ಮಂದಗತಿಯ ರಕ್ಷಣೆಯೇ ಹೆಚ್ಚು ಬಾಳಿಕೆಯದೆಂದು ನಮಗೆ ತೋರುತ್ತದೆ. ಪೂರ್ಣ ನಿರೋಧದ ಜೀನುಗಳನ್ನು ಇದರ ಮೇಲೆ ಹೊದಿಸಿದರೆ, ಜೀನ್ ಮುರಿದ ದಿನ ಮರ ಬರಿಮೈಯಾಗಿ ನಿಲ್ಲುವುದಿಲ್ಲ.

ಶಿಲೀಂಧ್ರದ ತವರಿನಲ್ಲಿಯೇ ತಳಿ ಬೆಳೆಸಿದವರು ಈ ದಾರಿಯನ್ನು ಅನಿವಾರ್ಯವಾಗಿ ಹಿಡಿದರು. ನ್ಯೂಜರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ 1996ರಿಂದ ಆರಂಭವಾದ ಕೆಲಸ 2020ರಲ್ಲಿ ಫಲಿಸಿ ರ‍್ಯಾರಿಟನ್, ಮಾನ್‌ಮತ್, ಹಂಟರ್‌ಡನ್, ಸಾಮರ್‌ಸೆಟ್ ಎಂಬ ತಳಿಗಳೂ, ಪರಾಗಕ್ಕಾಗಿ ಅಮೆರಿಕದ ಕಾಡುಹೇಜಲಿನ ಅಂಶವುಳ್ಳ ಇನ್ನೊಂದೂ ಹೊರಬಂದುವು. ಮಿನಿಸೋಟ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಚಳಿ ಇನ್ನೂ ಕಠಿಣ. ಅಲ್ಲಿ ಶುದ್ಧ ಯೂರೋಪಿನ ಹೇಜಲ್ ಉಳಿಯುವುದೇ ಕಷ್ಟ. ವಿಸ್ಕಾನ್ಸಿನ್ನಿನ ರಿವರ್ ಫಾಲ್ಸ್ ಊರಿನ ಕಾರ್ಲ್ ವೆಷ್ಕೆ ಎಂಬವರು ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿಯೇ ಕಾಡುಹೇಜಲನ್ನು ಯೂರೋಪಿನದರೊಡನೆ ಕೂಡಿಸಿ ನೋಡಿದ್ದರು. ಅವರ ಮತ್ತು ಅವರ ನಂತರದವರ ಸಸಿಗಳಿಂದ ಬಂದ ಪೊದೆಹೇಜಲುಗಳು ಇಂದು ಆ ಪ್ರದೇಶದ ಸಣ್ಣ ಹಿಡುವಳಿಗಳಲ್ಲಿವೆ. ಇವು ಚಳಿಯನ್ನು ತಾಳುತ್ತವೆ, ಅಂಗಮಾರಿಗೆ ಬಹುಮಟ್ಟಿಗೆ ಬಗ್ಗುವುದಿಲ್ಲ, ಪೊದೆಯಾಗಿ ಬೆಳೆಯುವುದರಿಂದ ಬುಡದ ಚಿಗುರನ್ನು ಕಡಿಯಬೇಕಾಗಿಲ್ಲ. ಕಾಯನ್ನು ನೆಲಕ್ಕೆ ಬೀಳುವ ಮೊದಲೇ ಪೊದೆಯಿಂದ ಬಿಡಿಸುವುದರಿಂದ ಹಸಿಗೊಬ್ಬರದ ತೊಡಕೂ ಹಗುರ. ಸಾವಯವ ಬೇಸಾಯಕ್ಕೆ ಬೇಕಾದ ಗುಣಗಳೆಲ್ಲ ಇವುಗಳಲ್ಲಿವೆ. ಇಲ್ಲದುದು ಮಾರುಕಟ್ಟೆಗೆ ಬೇಕಾದ ಗುಣ. ಬೀಜದಿಂದ ಎದ್ದ ಪ್ರತಿ ಪೊದೆಯೂ ಬೇರೆ, ಕಾಯಿ ಚಿಕ್ಕದು, ಚಿಪ್ಪು ದಪ್ಪ, ತಿರುಳು ಕಡಮೆ. ಆದುದರಿಂದ ಎರಡೂ ರಾಜ್ಯಗಳ ವಿಶ್ವವಿದ್ಯಾನಿಲಯಗಳು ರೈತರ ಹೊಲಗಳಲ್ಲಿಯೇ ಸಾವಿರಾರು ಪೊದೆಗಳ ನಡುವೆ ಉತ್ತಮವಾದುವನ್ನು ಗುರುತಿಸಿ, ಅವುಗಳ ಕೊಂಬೆಗೆ ಮಣ್ಣೇರಿಸಿ ಬೇರು ಬರಿಸಿ, ಅದೇ ಗುಣದ ಸಸಿಗಳನ್ನು ಬೇರೆಬೇರೆ ಊರುಗಳಲ್ಲಿ ನೆಟ್ಟು ಹೋಲಿಸುತ್ತಿವೆ. ತಿರುಳಿನ ಪ್ರಮಾಣವನ್ನು ಹೆಚ್ಚಿಸಲು ಆರೆಗಾನಿನ ಪರಾಗವನ್ನು ತಂದು ಈ ಪೊದೆಗಳಿಗೆ ಕೂಡಿಸುವ ಕೆಲಸವೂ ನಡೆದಿದೆ. ಅಂಥ ಸಂಕರಗಳಲ್ಲಿ ಗ್ಯಾಸವೇ ಜೀನೂ ಕಾಡುಹೇಜಲಿನ ನಿರೋಧವೂ ಒಟ್ಟಿಗೆ ಇರಬಲ್ಲುವು. ಅವುಗಳ ಸಂತತಿಯನ್ನು ರೋಗವಿರುವ ನೆಲದಲ್ಲಿ, ಸಿಂಪಡಣೆಯಿಲ್ಲದೆ ಬೆಳೆಸಿ, ಪ್ರತಿ ಚಳಿಗಾಲದಲ್ಲಿ ಎಲೆಯುದುರಿದ ಮೇಲೆ ಕೊಂಬೆ ಕೊಂಬೆಯನ್ನೂ ನೋಡಿ ವ್ರಣಗಳನ್ನು ಎಣಿಸುತ್ತಾರೆ.